ಒಂದೇ ತಾರೀಕಿಗೆ ಒಂದು ಡೆಸ್ಟ್ರಾಯರ್, ಒಂದು ದೀಪಸ್ತಂಭ: ಜೋಡಿ ಪಟ್ಟಿ ಮಾಡುವುದು ಹೇಗೆ?

ಒಂದು ಹಾಳೆಯ ಮೇಲೆ ಸೆಪ್ಟೆಂಬರ್ 8 ಅಂತ ಬರೆದುಕೊಳ್ಳಿ. ಅದರ ಕೆಳಗೆ ಎರಡು ಸಾಲು.

1900: ಅಮೆರಿಕದ ಟೆಕ್ಸಾಸ್ ಕರಾವಳಿಯ ಗ್ಯಾಲ್ವೆಸ್ಟನ್‌ಗೆ ಚಂಡಮಾರುತ ಬಡಿಯಿತು. ಎದುರು ದಡದ ಬೊಲಿವರ್ ಪಾಯಿಂಟ್ ದೀಪಸ್ತಂಭದೊಳಗೆ ಸುಮಾರು 125 ಜನ ಸೇರಿಕೊಂಡು ಜೀವ ಉಳಿಸಿಕೊಂಡರು.

1923: ಕ್ಯಾಲಿಫೋರ್ನಿಯಾದ ಹೋಂಡಾ ಪಾಯಿಂಟ್‌ನಲ್ಲಿ ಅಮೆರಿಕ ನೌಕಾಪಡೆಯ ಯುದ್ಧನೌಕೆಗಳಾದ ಏಳು ಡೆಸ್ಟ್ರಾಯರ್‌ಗಳು ಕೆಲವೇ ನಿಮಿಷಗಳಲ್ಲಿ ಬಂಡೆಗೆ ಬಡಿದು ಹಾಳಾದವು. ಸ್ವಲ್ಪ ದಕ್ಷಿಣಕ್ಕೇ ಇದ್ದ ಪಾಯಿಂಟ್ ಆರ್ಗುಯೆಲೋ ದೀಪಸ್ತಂಭ ಮಂಜಿನಲ್ಲಿ ಅವುಗಳಿಗೆ ಕಾಣಲಿಲ್ಲ.

ಈ ತರಹದ ಜೋಡಿಗಳನ್ನು ಹುಡುಕಿ, ಸರಿಯೋ ತಪ್ಪೋ ನೋಡಿ, ವರ್ಷಪೂರ್ತಿಯ ಪಟ್ಟಿ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಶಾಲೆಯ ಗೋಡೆಫಲಕಕ್ಕೆ ‘ಇಂದಿನ ದಿನ’ ಬರೆಯುವ ಮೇಷ್ಟ್ರು, ಕ್ವಿಜ್ ನಡೆಸುವವರು, ಹಡಗಿನ ಹುಚ್ಚಿರುವವರು, ಎಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ. ಬೇಕಾಗುವುದು ಒಂದು ಸ್ಪ್ರೆಡ್‌ಶೀಟ್, ಇಲ್ಲವೇ ದಪ್ಪ ನೋಟ್‌ಬುಕ್. ಜೊತೆಗೆ ಒಂದಿಷ್ಟು ಅನುಮಾನದ ಬುದ್ಧಿ.

1. ಯಾವುದು ಡೆಸ್ಟ್ರಾಯರ್, ಯಾವುದು ಅಲ್ಲ: ಮೊದಲೇ ಗೆರೆ ಎಳೆಯಿರಿ

ಡೆಸ್ಟ್ರಾಯರ್‌ಗಳು ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ. ಟಾರ್ಪಿಡೊ ಹೊತ್ತು ಬರುವ ಸಣ್ಣ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವುದು ಅವುಗಳ ಕೆಲಸವಾಗಿತ್ತು. ಈಗಿನವು ಕ್ಷಿಪಣಿ ಹೊತ್ತ ದೊಡ್ಡ ಹಡಗುಗಳು. ಕನ್ನಡ ಪತ್ರಿಕೆಗಳಲ್ಲಿ ವಿಧ್ವಂಸಕ ನೌಕೆ ಅಂತಲೂ ಬರುತ್ತದೆ. ಹಾಗಾಗಿ ಹುಡುಕುವಾಗ ಎರಡೂ ಪದ ಹಾಕಿ ನೋಡಿ.

ತೊಂದರೆ ಏನೆಂದರೆ, ಜನ ಎಲ್ಲಾ ಯುದ್ಧನೌಕೆಯನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿ ಎಣ್ಣೆ ಟ್ಯಾಂಕ್‌ಗಳಿಗೆ ಬೆಂಕಿ ಹಚ್ಚಿದ ಜರ್ಮನಿಯ ಎಮ್ಡನ್ ಒಂದು ಕ್ರೂಸರ್, ಅಂದರೆ ಡೆಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆ. ಆಗ ಮದರಾಸಿನ ದೀಪಸ್ತಂಭ ಹೈಕೋರ್ಟ್ ಕಟ್ಟಡದ ಗೋಪುರದ ಮೇಲಿತ್ತು. ಕಥೆ ಎಷ್ಟೇ ಚೆನ್ನಾಗಿದ್ದರೂ ಡೆಸ್ಟ್ರಾಯರ್ ಪಟ್ಟಿಗೆ ಅದು ಬರುವುದಿಲ್ಲ. 1971ರ ಡಿಸೆಂಬರ್ 9ರಂದು ಮುಳುಗಿದ ನಮ್ಮ ಐಎನ್‌ಎಸ್ ಖುಕ್ರಿ ಫ್ರಿಗೇಟ್, ಸಾಮಾನ್ಯವಾಗಿ ಡೆಸ್ಟ್ರಾಯರ್‌ಗಿಂತ ಚಿಕ್ಕ ಯುದ್ಧನೌಕೆ. ಕಾರವಾರದ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಚಪಲ್ ಕ್ಷಿಪಣಿ ದೋಣಿ.

ಒಂದೇ ಹೆಸರಿನ ಎರಡು ಹಡಗು ಇನ್ನೊಂದು ಗುಂಡಿ. ನಮ್ಮ ಮೈಸೂರನ್ನೇ ತಗೊಳ್ಳಿ. ಮೊದಲ ಐಎನ್‌ಎಸ್ ಮೈಸೂರು 1957ರ ಆಗಸ್ಟ್ 29ರಂದು ಸೇರಿದ ಕ್ರೂಸರ್. ಅದಕ್ಕೂ ಮುಂಚೆ ಅದು ಬ್ರಿಟಿಷರ ‘ನೈಜೀರಿಯಾ’ ಆಗಿತ್ತು. ಈಗಿನ ಐಎನ್‌ಎಸ್ ಮೈಸೂರು 1999ರ ಜೂನ್ 2ರಂದು ಸೇರಿದ ಡೆಸ್ಟ್ರಾಯರ್. ಪಟ್ಟಿಗೆ ಬೇಕಾದ್ದು ಎರಡನೆಯದು. ದೆಹಲಿ ಹೆಸರಿನದೂ ಇದೇ ಕಥೆ: ಮೊದಲನೆಯದು ಕ್ರೂಸರ್, ಎರಡನೆಯದು ಡೆಸ್ಟ್ರಾಯರ್. ಅದಕ್ಕೇ ಹೆಸರಿನ ಪಕ್ಕದಲ್ಲಿ ಹಡಗಿನ ಗುರುತಿನ ಸಂಖ್ಯೆಯನ್ನೂ ಬರೆದಿಡಿ.

ನಡುವೆ ಜಾತಿ ಬದಲಾಯಿಸಿದ ಹಡಗುಗಳೂ ಇವೆ. ಅಮೆರಿಕದ ವಾರ್ಡ್ ಡೆಸ್ಟ್ರಾಯರ್ ಆಗಿ ಹುಟ್ಟಿ, ಎರಡನೇ ಮಹಾಯುದ್ಧದ ನಡುವೆ ಸೈನಿಕರನ್ನು ಸಾಗಿಸುವ ವೇಗದ ಹಡಗಾಯಿತು. ಹುಟ್ಟಿದ್ದು ಡೆಸ್ಟ್ರಾಯರ್ ಆಗಿ ಅಂದಮೇಲೆ ನಾನಂತೂ ಸೇರಿಸಿಕೊಳ್ಳುತ್ತೇನೆ. ನೀವು ಬೇಡ ಅಂದರೂ ತಪ್ಪಿಲ್ಲ. ಆದರೆ ನಿಯಮ ಒಂದೇ ಇರಲಿ. ಬೇಕಾದಾಗ ಸೇರಿಸಿ ಬೇಡವಾದಾಗ ಬಿಟ್ಟರೆ ಆ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

2. ಹಡಗಿಗೆ ಹುಟ್ಟಿದ ದಿನ ಯಾವುದು?

ಹಡಗಿನ ಬದುಕಿನಲ್ಲಿ ಕನಿಷ್ಠ ನಾಲ್ಕು ದೊಡ್ಡ ದಿನಗಳಿರುತ್ತವೆ. ಕಟ್ಟಲು ಶುರುಮಾಡಿ ತಳಗಟ್ಟು ಇಟ್ಟ ದಿನ. ನೀರಿಗಿಳಿಸಿದ ದಿನ. ನೌಕಾಪಡೆಗೆ ಸೇರಿದ ದಿನ. ನಿವೃತ್ತಿಯ ದಿನ, ಅಥವಾ ಮುಳುಗಿದ ದಿನ. ಇವುಗಳ ನಡುವೆ ವರ್ಷಗಟ್ಟಲೆ ಅಂತರವಿರಬಹುದು. ಐಎನ್‌ಎಸ್ ವಿಶಾಖಪಟ್ಟಣ ನೀರಿಗಿಳಿದದ್ದು 2015ರ ಏಪ್ರಿಲ್ 20ಕ್ಕೆ, ಸೇರ್ಪಡೆಯಾದದ್ದು 2021ರ ನವೆಂಬರ್ 21ಕ್ಕೆ. ಸುಮ್ನೆ ‘ಹಡಗು ಲೋಕಾರ್ಪಣೆ’ ಅಂತ ಬರೆದಿರುವ ಸುದ್ದಿಯನ್ನು ನಂಬಿ ತಾರೀಕು ಹಾಕಿಬಿಟ್ಟರೆ ಆರು ವರ್ಷ ಆಚೀಚೆ ಆಗಿಬಿಡುತ್ತದೆ.

ದೀಪಸ್ತಂಭಕ್ಕೂ ಹೀಗೆಯೇ. ಅಡಿಗಲ್ಲು ಹಾಕಿದ ದಿನ, ದೀಪ ಮೊದಲ ಸಲ ಬೆಳಗಿದ ದಿನ, ಕಾವಲುಗಾರ ಇಳಿದು ಯಂತ್ರ ಕೂತ ದಿನ, ಬಿದ್ದ ದಿನ. ಜಪಾನ್‌ನಲ್ಲಿ ನವೆಂಬರ್ 1 ದೀಪಸ್ತಂಭಗಳ ದಿನ. 1868ರಲ್ಲಿ ಅವತ್ತು ಕನ್ನೊನ್‌ಝಾಕಿ ದೀಪಸ್ತಂಭ ಕಟ್ಟುವ ಕೆಲಸ ಶುರುವಾಯಿತು. ದೀಪ ಬೆಳಗಿದ್ದು 1869ರ ಫೆಬ್ರವರಿ 11ಕ್ಕೆ. ಅಲ್ಲಿನವರು ಆರಿಸಿಕೊಂಡದ್ದು ಕೆಲಸ ಶುರುವಾದ ದಿನವನ್ನು.

ನನ್ನ ಸಲಹೆ: ದೀಪ ಮೊದಲು ಬೆಳಗಿದ ದಿನಕ್ಕೆ ಹಡಗು ಸೇವೆಗೆ ಸೇರಿದ ದಿನವನ್ನು ಜೋಡಿಸಿ. ಎರಡೂ ಕೆಲಸ ಶುರುಮಾಡಿದ ದಿನಗಳು. ಅಳಿವಿಗೆ ಅಳಿವನ್ನು ಜೋಡಿಸಿ. ಹೀಗೆ ಮಾಡಿದಾಗ ಐಎನ್‌ಎಸ್ ದೆಹಲಿಗೆ ಸಿಗುವ ಜೋಡಿ ಸೊಗಸಾಗಿದೆ. ಅದು ಸೇರ್ಪಡೆಯಾದದ್ದು 1997ರ ನವೆಂಬರ್ 15ಕ್ಕೆ. ಅಮೆರಿಕದ ಮ್ಯಾಸಚೂಸೆಟ್ಸ್ ತೀರದ ಮೈನಟ್ಸ್ ಲೆಡ್ಜ್ ಎಂಬ ಬಂಡೆಯ ಮೇಲೆ ಎರಡನೇ ದೀಪಸ್ತಂಭ ಬೆಳಗಿದ್ದು 1860ರ ನವೆಂಬರ್ 15ಕ್ಕೆ. ಅದರ ದೀಪ ಒಂದು ಸಲ, ಆಮೇಲೆ ನಾಲ್ಕು ಸಲ, ಆಮೇಲೆ ಮೂರು ಸಲ ಮಿನುಗುತ್ತದೆ. ಆ ಎಣಿಕೆಗೆ ‘ಐ ಲವ್ ಯೂ’ ಅಂತ ಅರ್ಥ ಹಚ್ಚಿ ಸುತ್ತಲಿನ ಜನ ಅದನ್ನು ಪ್ರೇಮಿಗಳ ದೀಪ ಮಾಡಿಬಿಟ್ಟಿದ್ದಾರೆ.

ದೆಹಲಿ ನೀರಿಗಿಳಿದ ದಿನಕ್ಕೂ ಒಂದು ದೀಪಸ್ತಂಭವಿದೆ! 1991ರ ಫೆಬ್ರವರಿ 1. ಸ್ಕಾಟ್ಲೆಂಡಿನ ಬೆಲ್ ರಾಕ್ ಮೊದಲು ಬೆಳಗಿದ್ದು 1811ರ ಫೆಬ್ರವರಿ 1ರಂದು. ಉಬ್ಬರ ಬಂದಾಗ ಪೂರ್ತಿ ಮುಳುಗಿಹೋಗುವ ಬಂಡೆ ಅದು. ಅದರ ಮೇಲೆ ರಾಬರ್ಟ್ ಸ್ಟೀವನ್ಸನ್ ಮತ್ತು ಅವರ ಕೆಲಸಗಾರರು ಇಳಿತದ ಹೊತ್ತು ನೋಡಿಕೊಂಡು ಕಲ್ಲು ಕೂರಿಸುತ್ತಾ ಹೋದರು. ಆ ಸ್ತಂಭ ಇನ್ನೂ ನಿಂತಿದೆ.

3. ಹಾಳೆಯನ್ನು ಹೀಗೆ ಹಾಕಿ

ಸ್ಪ್ರೆಡ್‌ಶೀಟ್ ಬಳಸುವವರಿಗೆ ಒಂದು ಎಚ್ಚರಿಕೆ. ಎಕ್ಸೆಲ್‌ನಲ್ಲಿ ತಾರೀಕುಗಳ ಲೆಕ್ಕ ಶುರುವಾಗುವುದೇ 1900ರ ಜನವರಿ 1ರಿಂದ. ಅದಕ್ಕಿಂತ ಹಿಂದಿನದನ್ನು ಅದು ತಾರೀಕು ಅಂತ ಒಪ್ಪುವುದೇ ಇಲ್ಲ. ದೀಪಸ್ತಂಭಗಳಲ್ಲಿ ಎಷ್ಟೋ ಅದಕ್ಕಿಂತ ಹಳೆಯವು, ಅಲ್ವಾ? ಆದ್ದರಿಂದ ವರ್ಷ, ತಿಂಗಳು, ದಿನ ಇವನ್ನು ಮೂರು ಬೇರೆ ಬೇರೆ ಕಾಲಂನಲ್ಲಿ ಹಾಕಿ. ನಾಲ್ಕನೇ ಕಾಲಂನಲ್ಲಿ ತಿಂಗಳು ಮತ್ತು ದಿನ ಸೇರಿಸಿ ನಾಲ್ಕು ಅಂಕಿಯ ಗುರುತು ಬರೆಯಿರಿ. ಸೆಪ್ಟೆಂಬರ್ 8 ಅಂದರೆ 0908. ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಮೊದಲೇ ಗುರುತಿಸಿ. ಇಲ್ಲದಿದ್ದರೆ ಮುಂದಿನ ಸೊನ್ನೆ ಮಾಯವಾಗಿ 908 ಉಳಿಯುತ್ತದೆ, ಪಟ್ಟಿಯ ಕ್ರಮ ಕೆಡುತ್ತದೆ.

ತಿಂಗಳನ್ನು ಮುಂದೆ ಹಾಕಲು ಇನ್ನೊಂದು ಕಾರಣವಿದೆ. ಅಮೆರಿಕದವರು 9/8 ಅಂತ ಬರೆದರೆ ಸೆಪ್ಟೆಂಬರ್ 8. ನಾವು ಅದನ್ನೇ ಓದಿದರೆ ಆಗಸ್ಟ್ 9. ದಿನ 12ರ ಒಳಗಿದ್ದಾಗ ಈ ಗೊಂದಲ ಕಣ್ಣಿಗೇ ಬೀಳುವುದಿಲ್ಲ. ಅಮೆರಿಕದ ಮೂಲಗಳಿಂದ ತೆಗೆಯುವಾಗ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದಿರುವ ಪುಟವನ್ನೇ ಹುಡುಕಿ.

ಉಳಿದ ಕಾಲಂಗಳು: ಹೆಸರು, ದೇಶ, ಏನು ನಡೆಯಿತು, ಎಲ್ಲಿಂದ ಸಿಕ್ಕಿತು, ಮತ್ತು ‘ಯಾರ ಗಡಿಯಾರ’. ಈ ಕೊನೆಯದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಅದರ ವಿಷಯ ಮುಂದಿನ ಹೆಜ್ಜೆಯಲ್ಲಿದೆ.

ಮೂಲಗಳು ಎಲ್ಲಿ? ಭಾರತದ ಹಡಗುಗಳಿಗೆ ನೌಕಾಪಡೆಯ ಜಾಲತಾಣ ಮತ್ತು ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆಗಳು. ಅಮೆರಿಕದ ಹಡಗುಗಳಿಗೆ ಅಲ್ಲಿನ ನೌಕಾ ಇತಿಹಾಸ ವಿಭಾಗ ಒಂದೊಂದು ಹಡಗಿನ ಬದುಕನ್ನೂ ಬರೆದಿಟ್ಟ ಕೋಶವಿದೆ. ದೀಪಸ್ತಂಭಗಳಿಗೆ ಆಯಾ ದೇಶದ ದೀಪಸ್ತಂಭ ಇಲಾಖೆ. ಹಲವು ಕಡೆ ಸ್ತಂಭದ ಬಾಗಿಲ ಬಳಿ ಕಲ್ಲಿನ ಫಲಕವೇ ಇರುತ್ತದೆ, ಅದರ ಫೋಟೊ ತೆಗೆದುಕೊಳ್ಳಿ. ಒಂದು ತಾರೀಕಿಗೆ ಕನಿಷ್ಠ ಎರಡು ಮೂಲ ಬೇಕು. ಆ ಎರಡೂ ಒಂದನ್ನೊಂದು ನಕಲು ಮಾಡಿರಬಾರದು.

4. ಯಾವ ಕ್ಯಾಲೆಂಡರ್, ಯಾವ ಗಡಿಯಾರ?

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುವುದು, ನನಗೆ ಜಾಸ್ತಿ ಇಷ್ಟವಾಗುವುದು ಈ ಹೆಜ್ಜೆ.

ಡಿಸೆಂಬರ್ 7 ಅಂದ ತಕ್ಷಣ ಪರ್ಲ್ ಹಾರ್ಬರ್ ನೆನಪಾಗುತ್ತದೆ. 1941ರ ಆ ಬೆಳಿಗ್ಗೆ, ಜಪಾನಿನ ವಿಮಾನಗಳು ಬರುವುದಕ್ಕೂ ಮುಂಚೆ, ಬಂದರಿನ ಬಾಯಿಯಲ್ಲಿ ಕಾವಲಿದ್ದ ಡೆಸ್ಟ್ರಾಯರ್ ವಾರ್ಡ್ ಒಂದು ಪುಟ್ಟ ಜಲಾಂತರ್ಗಾಮಿಯ ಮೇಲೆ ಗುಂಡು ಹಾರಿಸಿ ಮುಳುಗಿಸಿತು. ಆಗ ಅದರ ಕಮಾಂಡರ್ ವಿಲಿಯಂ ಔಟರ್‌ಬ್ರಿಡ್ಜ್. ಸರಿಯಾಗಿ ಮೂರು ವರ್ಷ ಕಳೆದು, 1944ರ ಡಿಸೆಂಬರ್ 7ರಂದು, ಫಿಲಿಪ್ಪೀನ್ಸ್‌ನ ಓರ್ಮೋಕ್ ಕೊಲ್ಲಿಯಲ್ಲಿ ಅದೇ ವಾರ್ಡ್‌ಗೆ ಆತ್ಮಾಹುತಿ ವಿಮಾನ ಬಡಿಯಿತು. ಬೆಂಕಿ ಆರಲಿಲ್ಲ. ಹಡಗನ್ನು ಗುಂಡು ಹೊಡೆದು ಮುಳುಗಿಸುವ ಆದೇಶ ಬಂದದ್ದು ಓಬ್ರಿಯನ್ ಎಂಬ ಡೆಸ್ಟ್ರಾಯರ್‌ಗೆ. ಓಬ್ರಿಯನ್‌ನ ಕಮಾಂಡರ್ ಯಾರು ಗೊತ್ತಾ? ಅದೇ ಔಟರ್‌ಬ್ರಿಡ್ಜ್. ಕಾದಂಬರಿಯಲ್ಲಿ ಬರೆದರೆ ಯಾರೂ ಒಪ್ಪುತ್ತಿರಲಿಲ್ಲ.

ಈ ದಿನಕ್ಕೆ ದೀಪಸ್ತಂಭ ಯಾವುದು? ಇಂಗ್ಲೆಂಡಿನ ಎಡಿಸ್ಟೋನ್. ಹೆನ್ರಿ ವಿನ್‌ಸ್ಟನ್ಲಿ ಕಟ್ಟಿಸಿದ ಮೊದಲ ಎಡಿಸ್ಟೋನ್ ಸ್ತಂಭ 1703ರ ಮಹಾ ಬಿರುಗಾಳಿಯಲ್ಲಿ ಕೊಚ್ಚಿಹೋಯಿತು. ಅವತ್ತು ವಿನ್‌ಸ್ಟನ್ಲಿ ದುರಸ್ತಿ ಕೆಲಸಕ್ಕೆಂದು ಒಳಗೇ ಇದ್ದರು, ಅವರೂ ಹೋದರು. ಪುಸ್ತಕಗಳಲ್ಲಿ ತಾರೀಕು ನವೆಂಬರ್ 26–27ರ ರಾತ್ರಿ ಅಂತಿರುತ್ತದೆ. ಆದರೆ ಬ್ರಿಟನ್ ಆಗಿನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿತ್ತು. ಈಗಿನ ಲೆಕ್ಕಕ್ಕೆ 11 ದಿನ ಸೇರಿಸಬೇಕು. ಸೇರಿಸಿದರೆ ಡಿಸೆಂಬರ್ 7–8ರ ರಾತ್ರಿ.

ಪರ್ಲ್ ಹಾರ್ಬರ್ ದಾಳಿಗೂ ಇದೇ ಗೊಂದಲ. ಹವಾಯಿಯಲ್ಲಿ ಡಿಸೆಂಬರ್ 7 ಆಗಿದ್ದಾಗ ಜಪಾನಿನಲ್ಲಿ ಡಿಸೆಂಬರ್ 8. ಜಪಾನಿನವರ ಪುಸ್ತಕಗಳಲ್ಲಿ 8 ಅಂತಲೇ ಇರುತ್ತದೆ. ಎರಡೂ ಘಟನೆಗಳು 7 ಮತ್ತು 8ರ ನಡುವೆ ತೂಗಾಡುತ್ತವೆ, ಒಂದು ಕ್ಯಾಲೆಂಡರ್‌ನಿಂದ, ಇನ್ನೊಂದು ಗಡಿಯಾರದಿಂದ.

ಇದರಿಂದ ನಾನು ಪಾಲಿಸುವ ಮೂರು ನಿಯಮ. ಘಟನೆ ನಡೆದ ಜಾಗದ ಗಡಿಯಾರವನ್ನೇ ಬಳಸಿ. ಹಳೆಯ ಕ್ಯಾಲೆಂಡರ್ ಇದ್ದರೆ ಎರಡೂ ತಾರೀಕು ಬರೆದು, ಪಟ್ಟಿಯನ್ನು ಹೊಸದರ ಪ್ರಕಾರ ಜೋಡಿಸಿ. ರಾತ್ರಿಯ ಘಟನೆಯಾದರೆ ‘7–8ರ ರಾತ್ರಿ’ ಅಂತ ಎರಡೂ ದಿನ ಬರೆಯಿರಿ.

ಗಡಿಯಾರ ಎಷ್ಟು ಆಟವಾಡಿಸುತ್ತದೆ ನೋಡಿ. ಹೋಂಡಾ ಪಾಯಿಂಟ್‌ನಲ್ಲಿ ಮೊದಲ ಹಡಗು ಬಂಡೆಗೆ ಬಡಿದಾಗ ಅಲ್ಲಿ ಸೆಪ್ಟೆಂಬರ್ 8ರ ರಾತ್ರಿ 9 ಗಂಟೆ 5 ನಿಮಿಷ. ಗ್ರೀನಿಚ್ ಸಮಯದಲ್ಲಿ ಅದು ಸೆಪ್ಟೆಂಬರ್ 9ರ ಬೆಳಗಿನ ಜಾವ. ನಮ್ಮ ಭಾರತೀಯ ಸಮಯಕ್ಕೆ ಹಾಕಿದರೆ 9ರ ಬೆಳಿಗ್ಗೆ 10 ಗಂಟೆ 35 ನಿಮಿಷ. ಯಾರೋ ಅತಿ ಬುದ್ಧಿವಂತರು ಎಲ್ಲವನ್ನೂ ಗ್ರೀನಿಚ್‌ಗೆ ಬದಲಾಯಿಸಿದರೆ ಬೊಲಿವರ್ ಜೊತೆಗಿನ ಜೋಡಿ ಮುರಿದುಬೀಳುತ್ತದೆ.

ಇನ್ನೊಂದು ತಮಾಷೆ. ಬ್ರಿಟನ್ 1752ರಲ್ಲಿ ಕ್ಯಾಲೆಂಡರ್ ಬದಲಾಯಿಸಿದಾಗ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಬಂತು. ಅಂದರೆ ಅಲ್ಲಿ 1752ರ ಸೆಪ್ಟೆಂಬರ್ 8 ಎಂಬ ದಿನವೇ ಇರಲಿಲ್ಲ. ಆ ತಾರೀಕಿನ ಯಾವುದಾದರೂ ಬ್ರಿಟಿಷ್ ಘಟನೆ ನಿಮ್ಮ ಕಣ್ಣಿಗೆ ಬಿದ್ದರೆ ನಗುತ್ತಾ ಅಳಿಸಿಹಾಕಿ. ರಷ್ಯಾ ಬದಲಾಯಿಸಿದ್ದು 1918ರಲ್ಲಿ, ಗ್ರೀಸ್ 1923ರಲ್ಲಿ. ಆ ದೇಶಗಳಲ್ಲಿ ಮೊದಲ ತಲೆಮಾರಿನ ಡೆಸ್ಟ್ರಾಯರ್‌ಗಳಿಗೂ ಹಳೆಯ ತಾರೀಕಿನ ಕಾಟ ಉಂಟು.

5. ಹೊಂದಿಸಿ ನೋಡಿ, ಆದರೆ ಬೆರಗಾಗಬೇಡಿ

0101ರಿಂದ 1231ರವರೆಗೆ ಪಟ್ಟಿಯನ್ನು ಕ್ರಮವಾಗಿ ಜೋಡಿಸಿದರೆ ಒಂದೇ ಗುರುತಿನ ಸಾಲುಗಳು ಪಕ್ಕಪಕ್ಕ ಬರುತ್ತವೆ. ಮೊದಲ ಜೋಡಿ ಸಿಕ್ಕಾಗ ರೋಮಾಂಚನವಾಗುತ್ತದೆ. ಆಮೇಲೆ ಸ್ವಲ್ಪ ಲೆಕ್ಕ ಹಾಕಿ.

20 ಹಡಗು, 20 ದೀಪಸ್ತಂಭ ತಗೊಂಡು ಒಂದೊಂದಕ್ಕೂ ಒಂದೇ ತಾರೀಕು ಬರೆದಿರಿ ಅಂತಿಟ್ಟುಕೊಳ್ಳೋಣ. ಆಗ 400 ಜೋಡಿಗಳನ್ನು ಹೋಲಿಸಿದ ಹಾಗಾಯಿತು. ವರ್ಷದಲ್ಲಿರುವುದು 365 ದಿನ. ಸರಾಸರಿ ಒಂದು ಜೋಡಿ ತಾನಾಗಿಯೇ ಹೊಂದುತ್ತದೆ. ಹಡಗಿಗೆ ನಾಲ್ಕು ತಾರೀಕು, ಸ್ತಂಭಕ್ಕೆ ಮೂರು ತಾರೀಕು ಬರೆದರೆ ಹೋಲಿಕೆಗಳು 4,800. ಹದಿಮೂರು ಜೋಡಿ ಪುಕ್ಕಟೆ ಸಿಗುತ್ತವೆ. ಅಂದರೆ ತಾರೀಕು ಹೊಂದುವುದು ದೊಡ್ಡ ಸಂಗತಿಯೇ ಅಲ್ಲ. ‘ಎಂಥ ವಿಚಿತ್ರ ಕಾಕತಾಳೀಯ!’ ಅಂತ ಬರೆಯುವ ಮುಂಚೆ ಈ ಲೆಕ್ಕ ನೆನಪಿರಲಿ.

ಕೆಲವು ತಾರೀಕುಗಳನ್ನು ಯಾರೋ ಬೇಕೆಂದೇ ಆರಿಸಿರುತ್ತಾರೆ. ಐಎನ್‌ಎಸ್ ಮೊರ್ಮುಗಾವ್ ಸೇರ್ಪಡೆಯಾದದ್ದು 2022ರ ಡಿಸೆಂಬರ್ 18ಕ್ಕೆ, ಗೋವಾ ವಿಮೋಚನಾ ದಿನದ ಹಿಂದಿನ ದಿನ. ಅದರ ಹಿಂದಿನ ವರ್ಷ ಅದು ಮೊದಲ ಸಲ ಸಮುದ್ರ ಪರೀಕ್ಷೆಗೆ ಹೊರಟದ್ದು ಸರಿಯಾಗಿ ಡಿಸೆಂಬರ್ 19ಕ್ಕೆ. ಗೋವಾದ ಬಂದರಿನ ಹೆಸರಿನ ಹಡಗು, ಗೋವಾದ ದಿನ. ಇಂಥ ಕಡೆ ‘ಆಕಸ್ಮಿಕವಾಗಿ’ ಅನ್ನುವ ಪದ ಹಾಕಬೇಡಿ. ನವೆಂಬರ್ 21ಕ್ಕೆ ಎರಡು ಹಡಗುಗಳಿವೆ: ಐಎನ್‌ಎಸ್ ಚೆನ್ನೈ 2016ರಲ್ಲಿ, ಐಎನ್‌ಎಸ್ ವಿಶಾಖಪಟ್ಟಣ 2021ರಲ್ಲಿ. ಎರಡೂ ದೀಪಸ್ತಂಭವಿರುವ ಬಂದರು ಊರುಗಳೇ.

6. ಯಾವ ಜೋಡಿ ಇಟ್ಟುಕೊಳ್ಳಬೇಕು?

ಪುಕ್ಕಟೆ ಸಿಕ್ಕ ಹದಿಮೂರರಲ್ಲಿ ಹತ್ತನ್ನು ಬಿಟ್ಟುಬಿಡಿ. ಉಳಿಸಿಕೊಳ್ಳಬೇಕಾದದ್ದು ಒಂದು ಕಥೆ ಇನ್ನೊಂದನ್ನು ಬೇರೆ ಬೆಳಕಿನಲ್ಲಿ ತೋರಿಸುವ ಜೋಡಿಗಳನ್ನು ಮಾತ್ರ. ಸೆಪ್ಟೆಂಬರ್ 8 ನನಗೆ ಯಾಕೆ ಇಷ್ಟ ಅಂತ ಹೇಳುತ್ತೇನೆ, ಅಳತೆಗೋಲು ಅಲ್ಲೇ ಸಿಗುತ್ತದೆ.

1923ರಲ್ಲಿ 14 ಡೆಸ್ಟ್ರಾಯರ್‌ಗಳು ಸಾನ್ ಫ್ರಾನ್ಸಿಸ್ಕೋದಿಂದ ಸಾನ್ ಡಿಯೆಗೋಗೆ ಸಾಲಾಗಿ ಹೊರಟಿದ್ದವು. ವೇಗ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ಮುಂದಿದ್ದದ್ದು ಡೆಲ್ಫಿ. ಅದರಲ್ಲಿ ತಂಡದ ಮುಖ್ಯಸ್ಥ ಕ್ಯಾಪ್ಟನ್ ಎಡ್ವರ್ಡ್ ವಾಟ್ಸನ್ ಇದ್ದರು. ಮಂಜು ಕವಿದಿತ್ತು, ದಡ ಕಾಣುತ್ತಿರಲಿಲ್ಲ. ವೇಗ, ದಿಕ್ಕು, ಸಮಯ ಇವನ್ನು ಗುಣಿಸಿ ‘ನಾವೀಗ ಇಲ್ಲಿದ್ದೇವೆ’ ಅಂತ ಅಂದಾಜು ಮಾಡುವ ಹಳೆಯ ಪದ್ಧತಿಯನ್ನೇ ನಂಬಿದ್ದರು. ಪಾಯಿಂಟ್ ಆರ್ಗುಯೆಲೋದಲ್ಲಿ ರೇಡಿಯೊ ಮೂಲಕ ದಿಕ್ಕು ಹೇಳುವ ನೆಲೆಯಿತ್ತು. ಹಡಗುಗಳು ಇನ್ನೂ ಉತ್ತರದಲ್ಲೇ ಇವೆ ಎಂಬಂತೆ ಅದು ದಿಕ್ಕು ಕೊಟ್ಟಿತು. ತಂತ್ರ ಹೊಸದು. ಅದನ್ನು ಅವರು ನಂಬಲಿಲ್ಲ. ಆಳ ಅಳೆದು ನೋಡಬಹುದಿತ್ತು, ಆದರೆ ಅದಕ್ಕೆ ವೇಗ ಇಳಿಸಬೇಕಿತ್ತು.

ರಾತ್ರಿ 9 ಗಂಟೆಗೆ, ಸಾಂಟಾ ಬಾರ್ಬರಾ ಕಾಲುವೆಯ ಬಾಯಿಗೆ ಬಂದೆವು ಅಂದುಕೊಂಡು, ಎಡಕ್ಕೆ ತಿರುಗಿದರು. ಐದೇ ನಿಮಿಷಕ್ಕೆ ಡೆಲ್ಫಿ ಬಂಡೆಗೆ ಬಡಿಯಿತು. ಹಿಂದಿದ್ದ ಎಸ್. ಪಿ. ಲೀ ಪಕ್ಕಕ್ಕೆ ತಿರುಗಿ ದಡಕ್ಕೆ ಬಡಿಯಿತು. ಯಂಗ್‌ನ ತಳ ಸೀಳಿ, ನಿಮಿಷಗಳಲ್ಲಿ ಮಗುಚಿಕೊಂಡಿತು. ವುಡ್‌ಬರಿ, ನಿಕೋಲಸ್, ಫುಲ್ಲರ್ ಸಿಕ್ಕಿಬಿದ್ದವು. ಸಹಾಯಕ್ಕೆಂದು ಹತ್ತಿರ ಬಂದ ಚಾನ್ಸಿಯೂ ಬಂಡೆ ಹತ್ತಿತು. ಇನ್ನೆರಡು ಹಡಗು ತಗುಲಿಯೂ ತಪ್ಪಿಸಿಕೊಂಡವು. ಸತ್ತವರು 23 ಮಂದಿ, ಅದರಲ್ಲಿ 20 ಜನ ಯಂಗ್‌ನವರು. ಅದಕ್ಕೆ ಒಂದು ವಾರ ಮುಂಚೆ, ಸೆಪ್ಟೆಂಬರ್ 1ಕ್ಕೆ, ಜಪಾನಿನಲ್ಲಿ ಕಾಂಟೋ ಮಹಾಭೂಕಂಪ ಆಗಿತ್ತು. ಅದರಿಂದ ಪೆಸಿಫಿಕ್‌ನ ಪ್ರವಾಹ ಏರುಪೇರಾಗಿ ಹಡಗುಗಳ ಲೆಕ್ಕ ತಪ್ಪಿತು ಅಂತ ಹೇಳುವವರಿದ್ದಾರೆ. ವಾಟ್ಸನ್ ಮಾತ್ರ ಯಾವ ನೆಪವನ್ನೂ ಹುಡುಕದೆ ಹೊಣೆ ತನ್ನದೇ ಅಂತ ಒಪ್ಪಿಕೊಂಡರು.

ಈಗ ಬೊಲಿವರ್ ಕಡೆ ನೋಡಿ. 1872ರಲ್ಲಿ ಕಟ್ಟಿದ, ಹೊರಗೆಲ್ಲ ಕಬ್ಬಿಣದ ತಗಡಿನ ಗೋಪುರ. ಕಾವಲುಗಾರ ಹ್ಯಾರಿ ಕ್ಲೇಬೋರ್ನ್. ಊರಿನವರು, ಹತ್ತಿರ ಸಿಕ್ಕಿಬಿದ್ದ ರೈಲಿನಿಂದ ಇಳಿದು ನಡೆದು ಬಂದ ಕೆಲವರು, ಎಲ್ಲರೂ ಒಳಗೆ ಸುರುಳಿ ಮೆಟ್ಟಿಲ ಮೇಲೆ ಒತ್ತೊತ್ತಾಗಿ ಕೂತರು. ನೀರು ಏರಿದ ಹಾಗೆ ಮೇಲಿನ ಮೆಟ್ಟಿಲಿಗೆ ಸರಿದರು. ಆ ಚಂಡಮಾರುತದಲ್ಲಿ ಗ್ಯಾಲ್ವೆಸ್ಟನ್ ಭಾಗದಲ್ಲಿ ಸತ್ತವರು ಆರು ಸಾವಿರಕ್ಕೂ ಜಾಸ್ತಿ.

ಹಡಗಿಗೆಂದು ಕಟ್ಟಿದ ದೀಪಸ್ತಂಭ ಒಂದು ಕಡೆ ಹಡಗಿನಲ್ಲಿಲ್ಲದ ಜನರನ್ನು ಉಳಿಸಿತು. ಇನ್ನೊಂದು ಕಡೆ ಹಡಗುಗಳಿಗೇ ಕಾಣದೆ ಹೋಯಿತು. ಈ ಎರಡನ್ನು ಒಟ್ಟಿಗೆ ಓದಿದಾಗ ದೀಪಸ್ತಂಭ ಏನು ಮಾಡಬಲ್ಲದು, ಏನು ಮಾಡಲಾರದು ಅಂತ ಗೊತ್ತಾಗುತ್ತದೆ. ಇದು ಉಳಿಸಿಕೊಳ್ಳಬೇಕಾದ ಜೋಡಿ. (ಪಾಯಿಂಟ್ ಆರ್ಗುಯೆಲೋ ದೀಪಸ್ತಂಭ 1901ರದ್ದು. ನಮ್ಮ ಉಡುಪಿ ಜಿಲ್ಲೆಯ ಕಾಪು ದೀಪಸ್ತಂಭವೂ 1901ರದ್ದೇ. ಆದರೆ ವರ್ಷ ಹೊಂದಿದರೆ ಈ ಪಟ್ಟಿಗೆ ಬರುವುದಿಲ್ಲ. ಬರೀ ಬಾಯಿಮಾತಿಗೆ ಇಟ್ಟುಕೊಳ್ಳಿ.)

ಏಪ್ರಿಲ್ 16 ಕೂಡ ಹೀಗೇ ತೂಕದ ದಿನ. 1851ರ ಏಪ್ರಿಲ್ 16–17ರ ರಾತ್ರಿ ಮೈನಟ್ಸ್ ಲೆಡ್ಜ್‌ನ ಮೊದಲ ದೀಪಸ್ತಂಭ ಬಿತ್ತು. ಅದು ಬಂಡೆಗೆ ನೆಟ್ಟ ಕಬ್ಬಿಣದ ಕಂಬಗಳ ಮೇಲೆ ಕೂತಿತ್ತು. ಅಲೆಗೆ ಜಾಗ ಬಿಟ್ಟರೆ ಸಾಕು, ತೂಕ ಬೇಡ ಅನ್ನುವ ಲೆಕ್ಕಾಚಾರ. ಒಳಗಿದ್ದ ಇಬ್ಬರು ಸಹಾಯಕರೂ, ಜೋಸೆಫ್ ವಿಲ್ಸನ್ ಮತ್ತು ಜೋಸೆಫ್ ಆಂಟ್ವಾನ್, ಸತ್ತರು. 1945ರ ಏಪ್ರಿಲ್ 16ರ ಬೆಳಿಗ್ಗೆ ಓಕಿನಾವಾ ಬಳಿ ಡೆಸ್ಟ್ರಾಯರ್ ಲಾಫಿಯ ಮೇಲೆ ಇಪ್ಪತ್ತಕ್ಕೂ ಜಾಸ್ತಿ ವಿಮಾನಗಳು ಎರಗಿದವು. ಆತ್ಮಾಹುತಿ ವಿಮಾನಗಳೂ ಬಾಂಬುಗಳೂ ಬಡಿದು 32 ಜನ ಸತ್ತರು. ಹಡಗು ಮುಳುಗಲಿಲ್ಲ. ಈಗ ಅದು ಸೌತ್ ಕ್ಯಾರೊಲಿನಾದ ಪೇಟ್ರಿಯಟ್ಸ್ ಪಾಯಿಂಟ್‌ನಲ್ಲಿ ಮ್ಯೂಸಿಯಂ. ಒಂದು ಬಿತ್ತು, ಒಂದು ನಿಂತಿತು. ಬಿದ್ದದ್ದರ ಜಾಗದಲ್ಲಿ ಎದ್ದದ್ದೇ ಐಎನ್‌ಎಸ್ ದೆಹಲಿಯ ಜೋಡಿಯಾದ ಆ ಗ್ರಾನೈಟ್ ಸ್ತಂಭ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ್ದು.

ನಮ್ಮ ದೇಶದ್ದೇ ಒಂದು ಜೋಡಿ ಬೇಕು ಅಂದರೆ ಡಿಸೆಂಬರ್ 26. 2023ರ ಆ ದಿನ ಐಎನ್‌ಎಸ್ ಇಂಫಾಲ್ ಮುಂಬೈನಲ್ಲಿ ಸೇರ್ಪಡೆಯಾಯಿತು. ಈಶಾನ್ಯದ ನಗರವೊಂದರ ಹೆಸರು ಹೊತ್ತ ಮೊದಲ ಯುದ್ಧನೌಕೆ ಅದು. ಇಂಫಾಲ್‌ನಲ್ಲಿ ಸಮುದ್ರವೂ ಇಲ್ಲ, ದೀಪಸ್ತಂಭವೂ ಇಲ್ಲ. 2004ರ ಅದೇ ದಿನ ಸುನಾಮಿ ಬಂತು. ಗ್ರೇಟ್ ನಿಕೋಬಾರ್‌ನ ತುದಿಯಲ್ಲಿ, ಭಾರತದ ದಕ್ಷಿಣದ ಕೊನೆಯಲ್ಲಿ, ಇಂದಿರಾ ಪಾಯಿಂಟ್ ದೀಪಸ್ತಂಭವಿದೆ. 1972ರ ಏಪ್ರಿಲ್ 30ಕ್ಕೆ ಬೆಳಗಿದ್ದು. ಭೂಕಂಪದಲ್ಲಿ ಅಲ್ಲಿನ ನೆಲವೇ ಸುಮಾರು 4.25 ಮೀಟರ್ ಕುಸಿಯಿತು. ನೆಲದ ಮೇಲೆ ನಿಂತಿದ್ದ ಸ್ತಂಭದ ಬುಡಕ್ಕೆ ಸಮುದ್ರ ಬಂತು. ಹತ್ತಿರವಿದ್ದ ಕುಟುಂಬಗಳು ಕೊಚ್ಚಿಹೋದವು, ಸ್ತಂಭ ಪೆಟ್ಟು ತಿಂದೂ ನಿಂತಿತು. ಸಮುದ್ರ ಕಾಣದ ಊರಿನ ಹೆಸರು ಕಡಲಿಗಿಳಿದ ತಾರೀಕು ಮತ್ತು ಸಮುದ್ರವೇ ದಡಕ್ಕೆ ಏರಿದ ತಾರೀಕು ಒಂದೇ. ಇದನ್ನು ಬರೆಯುವಾಗ ಸ್ವಲ್ಪ ಹದ ಬೇಕು. ಒಂದು ಸಂಭ್ರಮದ ದಿನ, ಇನ್ನೊಂದು ಸಾವಿನ ದಿನ. ಸುನಾಮಿಯ ಸಾಲನ್ನು ಮೊದಲು ಹಾಕಿ, ಉದ್ಗಾರ ಚಿಹ್ನೆ ಬೇಡ.

7. ಬರೆಯುವುದು

ಒಂದು ದಿನಕ್ಕೆ ಐದಾರು ಸಾಲು ಸಾಕು. ವರ್ಷ, ಜಾಗ, ಏನಾಯಿತು. ಎರಡು ಘಟನೆಗಳನ್ನು ‘ಹಾಗಾಗಿ’, ‘ಇದರಿಂದ’ ಅಂತ ಎಂದೂ ಜೋಡಿಸಬೇಡಿ. ತಾರೀಕು ಕಾರಣವಲ್ಲ. ‘ಶಾಪದ ದಿನ’, ‘ಕರಾಳ ದಿನ’ ಅನ್ನುವ ಮಾತು ಕ್ಲಿಕ್ ತರುತ್ತದೆ, ಆದರೆ ಅದೇ ದಿನ ಎಷ್ಟೋ ಹಡಗು ಕ್ಷೇಮವಾಗಿ ಬಂದರು ಸೇರಿವೆ. ಏಪ್ರಿಲ್ 1ಕ್ಕೆ ಬರೆಯುವವರಿಗೆ ಬೇರೆಯದೇ ಕಷ್ಟ. 1946ರ ಆ ದಿನ ಅಲಾಸ್ಕಾದ ಸ್ಕಾಚ್ ಕ್ಯಾಪ್ ದೀಪಸ್ತಂಭವನ್ನು ಸುನಾಮಿ ನೆಲಸಮ ಮಾಡಿತು, ಒಳಗಿದ್ದ ಐವರೂ ಸತ್ತರು. 2010ರ ಅದೇ ದಿನ ಐಎನ್‌ಎಸ್ ಚೆನ್ನೈ ನೀರಿಗಿಳಿಯಿತು. ಮೂರ್ಖರ ದಿನದ ತಮಾಷೆ ಅಂತ ಓದುಗರು ತಳ್ಳಿಹಾಕಬಾರದು ಅಂದರೆ ಮೂಲವನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ.

ಎಲ್ಲಾ ದಿನಕ್ಕೂ ಜೋಡಿ ಬೇಕೆಂದಿಲ್ಲ. ಸೆಪ್ಟೆಂಬರ್ 21 ಭಾರತದ ದೀಪಸ್ತಂಭ ದಿನ, 1927ರ ದೀಪಸ್ತಂಭ ಕಾಯ್ದೆಯ ನೆನಪಿಗೆ. ಆಗಸ್ಟ್ 7 ಅಮೆರಿಕದ್ದು, 1789ರಲ್ಲಿ ಅಲ್ಲಿನ ದೀಪಸ್ತಂಭಗಳನ್ನು ಕೇಂದ್ರ ಸರ್ಕಾರ ವಹಿಸಿಕೊಂಡ ಕಾಯ್ದೆಗೆ ಸಹಿ ಬಿದ್ದ ದಿನ. ಅವತ್ತು ಒಂಟಿಯಾಗಿಯೇ ದೀಪಸ್ತಂಭ ಹಾಕಿ.

ಶುರುಮಾಡಲು ನಮ್ಮ ಹಡಗುಗಳು ಸೇವೆಗೆ ಸೇರಿದ ಐದು ತಾರೀಕು ಕೊಡುತ್ತೇನೆ, ದೀಪಸ್ತಂಭದ ಕಾಲಂ ಖಾಲಿ ಬಿಟ್ಟು. ಐಎನ್‌ಎಸ್ ಸೂರತ್, ಜನವರಿ 15, 2025. ಐಎನ್‌ಎಸ್ ಮುಂಬೈ, ಜನವರಿ 22, 2001. ಐಎನ್‌ಎಸ್ ಮೈಸೂರು, ಜೂನ್ 2, 1999. ಐಎನ್‌ಎಸ್ ಕೋಲ್ಕತಾ, ಆಗಸ್ಟ್ 16, 2014. ಐಎನ್‌ಎಸ್ ಕೊಚ್ಚಿ, ಸೆಪ್ಟೆಂಬರ್ 30, 2015. ನಾವು ಕನ್ನಡಿಗರು ಜೂನ್ 2ರಿಂದ ಶುರುಮಾಡೋಣ.